ಕೇಳುವವರಿಗೆ ಸಹಿ ಇಲ್ಲ

ದಾಂಡೇಲಿ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಮಧು,

ನಿನ್ನ ಪತ್ರ ಕೈಸೇರಿ ವಾರವಾಯಿತು. ಅಕ್ಷರ ಐಶ್ವರ್ಯಾಳದು, ಮಾತು ನಿನ್ನದು. ನೀನು ಹೇಳುತ್ತ ಹೋದಂತೆ ಮಗಳು ಬರೆದುಕೊಂಡಿದ್ದಾಳೆ. ಎರಡನೆಯ ಪುಟದಲ್ಲಿ ಮಾತ್ರ ತಾಯಿ ಮಗಳಿಗೆ ಜಗಳ ಆಗಿರಬೇಕು, ಒಂದು ಸಾಲು ಹೊಡೆದುಹಾಕಿ, ಅಂಚಿನಲ್ಲಿ ಸಣ್ಣಗೆ ನನಗೊಂದು ದೂರು ಬರೆದಿದ್ದಾಳೆ: "ವಿದ್ಯಾ ಮೌಶಿ, ಡಾಕ್ಟರು ಉಪ್ಪು ಬಂದ್ ಮಾಡ್ಯಾರ. ಈಕಿ ದಿನಾ ಉಪ್ಪಿನಕಾಯಿ ಬೇಕಂತ ಹಟ ಹಿಡೀತಾಳ. ನೀವರೆ ಹೇಳ್ರಿ." ಅದನ್ನು ಅವಳು ನಿನಗೆ ಓದಿ ಹೇಳಿರಲಾರಳು. ಈಗ ಅವಳ ಬಾಯಿಂದಲೇ ಹೇಳಿಸುತ್ತಿದ್ದೇನೆ, ಕೇಳಿಸಿಕೋ. ಉಪ್ಪಿನಕಾಯಿ ಬೇಡ ಮಧು.

ಫೋನ್ ಯಾಕೆ ಮಾಡುವುದಿಲ್ಲ ಎಂದು ಬೈದಿದ್ದೀಯ. ಫೋನಿನ ಮಾತು ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಪತ್ರವನ್ನಾದರೆ ಎರಡು ಸಲ ಓದಿಸಿಕೊಳ್ಳಬಹುದು ಎಂದು ಹುಬ್ಬಳ್ಳಿಗೆ ಹೊರಟ ದಿನ ನೀನೇ ಹೇಳಿದ್ದೆ. ಇಷ್ಟು ವರ್ಷ ವಾಚನಾಲಯ ನಡೆಸಿ ಊರಿಗೆಲ್ಲ ಓದಿ ಹೇಳಿದವಳು, ಕಣ್ಣಿನ ಬೆಳಕು ಹೋದ ಮೇಲೆ ಓದಿಸಿಕೊಳ್ಳುವುದನ್ನೂ ಕಲಿತುಬಿಟ್ಟೆ. ನನಗೆ ಆ ಧೈರ್ಯ ಬರುತ್ತಿರಲಿಲ್ಲ. ರಾತ್ರಿ ದೀಪ ಆರಿಸಿ ಕಣ್ಣುಮುಚ್ಚಿ, ಇನ್ನು ಮುಂದೆ ಒಂದು ಕವಿತೆಯನ್ನೂ ನಾನಾಗಿ ಓದಲಾರೆ ಎಂದು ಊಹಿಸಿಕೊಳ್ಳಲು ಯತ್ನಿಸುತ್ತೇನೆ. ಸ್ವಲ್ಪ ಹೊತ್ತಿಗೇ ಎದ್ದು ದೀಪ ಹಾಕುತ್ತೇನೆ.

ನೀನು ಮೊದಲು ಕೇಳಿದ್ದು ಸಭೆಯ ಬಗ್ಗೆ. ನಾನೂ ಅದನ್ನೇ ಮೊದಲು ಹೇಳುತ್ತೇನೆ: ತೀರ್ಮಾನ ಆಗಿಲ್ಲ, ಮುಂದಕ್ಕೆ ಹಾಕಿದ್ದಾರೆ. ನಮ್ಮ ಬಿದಿರು ಗೇಟಿನ ವಾಚನಾಲಯ ಇದ್ದ ಹಾಗೇ ಇದೆ. ಇನ್ನು ಉಸಿರು ಬಿಡು, ಉಳಿದದ್ದನ್ನು ನಿಧಾನ ಹೇಳುತ್ತೇನೆ.

ಜಿಲ್ಲಾ ಕಚೇರಿಗೆ ನಾನೊಬ್ಬಳೇ ಹೋಗಲಿಲ್ಲ. ದುರ್ಗಪ್ಪಣ್ಣ ಬಂದಿದ್ದ. ಅಂದು ಕಾಲೇಜಿಗೆ ರಜೆ ಹಾಕಿ ಬೆಳಗಿನ ಬಸ್ಸಿಗೆ ನಿಂತಿದ್ದೆ. ನೋಡಿದರೆ ಅವನೂ ಅಲ್ಲಿ ನಿಂತಿದ್ದ: ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಕಾಗದದ ಮಿಲ್ಲಿನವರು ನಿವೃತ್ತಿಯಲ್ಲಿ ಕೊಟ್ಟ ಗಡಿಯಾರ. "ನೀವು ಕನ್ನಡ ಕಲಸೋರು ಅಕ್ಕೋರ, ಚಂದ ಮಾತಾಡ್ತೀರಿ. ಸರ್ಕಾರದ ಮುಂದ ಚಂದ ಮಾತಾಡಿದ್ರ ಸಾಲಂಗಿಲ್ಲ. ಸ್ವಲ್ಪ ಒರಟೂ ಇರಬೇಕು. ಅದು ನನ್ನ ಕಡೆ ಐತಿ" ಎಂದ. ಘಟ್ಟ ಇಳಿಯುವಾಗ ಅವನಿಗೆ ವಾಂತಿಯಾಗಿ, ಒರಟುತನವೆಲ್ಲ ಅಲ್ಲೇ ಕರಗಿತು.

ಸಭೆ ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅಲ್ಲಿ ಇದ್ದದ್ದು ಒಂದು ಉದ್ದನೆಯ ಮೇಜು, ಅದರ ಸುತ್ತ ಹಲವು ಕುರ್ಚಿ, ಅರ್ಧ ಖಾಲಿ. ಜಿಲ್ಲೆಯ ಗ್ರಂಥಾಲಯಗಳಿಗೆ ಯಾವ ಪುಸ್ತಕ, ಯಾವ ಪತ್ರಿಕೆ, ಎಲ್ಲಿ ಹೊಸ ಕೊಠಡಿ, ಎಲ್ಲಿ ಬೀಗ ಎಂಬುದೆಲ್ಲ ಆ ಮೇಜಿನ ಮೇಲೆ ತೀರ್ಮಾನವಾಗುತ್ತದೆ ಎಂದು ನೀನು ಹೇಳುತ್ತಿದ್ದಾಗ ನನಗೆ ಅದೊಂದು ದರಬಾರಿನಂತೆ ಕಾಣುತ್ತಿತ್ತು. ನಿಜವಾಗಿ ಅದು ಶಾಲೆಯ ಶಿಕ್ಷಕರ ಕೊಠಡಿಯ ಹಾಗಿತ್ತು. ಫ್ಯಾನು ಸದ್ದು ಮಾಡುತ್ತಿತ್ತು. ಗ್ರಂಥಾಲಯದ ಅಧಿಕಾರಿ ನಮ್ಮ ವಯಸ್ಸಿನ ಹೆಂಗಸು, ಹಳಿಯಾಳದ ಕಡೆಯವರು. ಬೇಸರದ ಮುಖ ಇರಲಿಲ್ಲ ಅವರದು. ನಮ್ಮ ಅರ್ಜಿಯನ್ನು ಪೂರ್ತಿ ಓದಿದ್ದರು, ಅದರಲ್ಲಿ ನಾನು ಮಾಡಿದ ಒಂದು ಕಾಗುಣಿತದ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಿದ್ದರು ಕೂಡ. ನಗಬೇಡ.

ನಮ್ಮ ತೊಡಕು ನಿನಗೆ ಗೊತ್ತಿರುವುದೇ. ಹಳ್ಳಿಯ ವಾಚನಾಲಯಗಳನ್ನೆಲ್ಲ ಇಲಾಖೆಯವರು ಪಂಚಾಯಿತಿಗೆ ವಹಿಸಿಕೊಟ್ಟಾಗ ನಮ್ಮದೂ ಹೋಯಿತು. ಆಮೇಲೆ ಬಿದಿರು ಗೇಟು ಊರಿನ ಹದ್ದಿಗೆ ಸೇರಿತು. ಪಂಚಾಯಿತಿಯವರು "ನೀವೀಗ ಪ್ಯಾಟಿಯವರು" ಎಂದು ಕೈಬಿಟ್ಟರು. ಇಲಾಖೆಯ ಪೇಟೆಯ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ, ಏಕೆಂದರೆ ಅವರ ಪ್ರಕಾರ ನಮ್ಮನ್ನು ಕೊಟ್ಟಾಗಿದೆ. ಕೊಟ್ಟ ಮಗಳು ತವರಿಗೂ ಇಲ್ಲ, ಗಂಡನ ಮನೆಗೂ ಇಲ್ಲ. ಕೋಣೆಯೋ, ಬಿದಿರಿನ ಲಾರಿ ತಪಾಸಣೆ ಮಾಡುತ್ತಿದ್ದ ಕಾಲದ ಹಳೆಯ ನಾಕೆ, ಅದು ಅರಣ್ಯ ಇಲಾಖೆಯವರದು. ನಿನ್ನ ಓದು ಕೇಳಲು ಬರುತ್ತಿದ್ದ ನಮ್ಮ ಕೆಂಚವ್ವ ಇದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳು, ನೆನಪಿದೆಯಾ? "ಗ್ವಾಡಿ ಒಬ್ಬರದು, ಪುಸ್ತಕ ಒಬ್ಬರದು, ಓದೋ ಬಾಯಾರು ಒಬ್ಬರ ಕಡೆಯವರು. ನಾವು ಕೇಳೋರು ಯಾರ ಪೈಕಿ?"

ಅಧಿಕಾರಿಗಳಿಗೆ ನಾನು ಕೆಂಚವ್ವನ ಈ ಮಾತನ್ನೇ ಹೇಳಿದೆ. ಅವರು ನಕ್ಕರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನಾನೂ ಇಂಥಾ ವಾಚನಾಲಯದಾಗ ಕುಂತ ಓದಿ ಬಂದಾಕಿ ಮೇಡಮ್. ನಮ್ಮಪ್ಪನ ಹಂತ್ಯಾಕ ಪುಸ್ತಕ ಕೊಳ್ಳೋ ತಾಕತ್ತು ಇರಲಿಲ್ಲ. ನಿಮ್ಮ ಸಂಕಟ ನನಗ ತಿಳೀತೈತಿ. ಆದ್ರ ಸಹಿ ಮಾಡಾಕ ಫೈಲು ನನ್ನ ಕಡೆ ಇರಬೇಕಲ್ರಿ? ಇಲ್ಲದ ಫೈಲಿಗೆ ಎಲ್ಲಿ ಸಹಿ ಮಾಡ್ಲಿ?"

ದುರ್ಗಪ್ಪಣ್ಣ ಎದ್ದು ನಿಂತ. "ಸಾಹೇಬ್ರ, ಮನಿಪಟ್ಟಿ ತುಂಬೂ ಮುಂದ ಅದರಾಗ ಲೈಬ್ರರಿ ಕರ ಅಂತ ಹಿಡೀತಾರ. ಅದು ಯಾವ ಲೈಬ್ರರಿಗ್ರಿ?"

"ಅದು ಎಲ್ಲಾ ಲೈಬ್ರರಿಗೂ ಸೇರಿ ಯಜಮಾನ್ರ."

"ಎಲ್ಲಾ ಅನ್ನೂದರಾಗ ನಮ್ಮದು ಬರತೈತೋ ಇಲ್ಲೋ?"

ಆ ಅಧಿಕಾರಿ ಕನ್ನಡಕ ಹಾಕಿಕೊಂಡು ದುರ್ಗಪ್ಪಣ್ಣನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವರು ಮನೆಗೆ ಹೋದ ಮೇಲೂ ಆ ಪ್ರಶ್ನೆ ಅವರ ಹಿಂದೆ ಹೋಗಿರುತ್ತದೆ ಎನ್ನಿಸಿತು ನನಗೆ. ಮುಂದಿನ ಸಭೆಗೆ ಇಡೋಣ ಎಂದರು. ಹೊರಗೆ ಬಂದು ಚಹಾ ಕೊಡಿಸಿದರು. ನಿನ್ನ ಹೆಸರು ಕೇಳಿದರು, ಈಗ ಹೇಗಿದ್ದಾರೆ ಎಂದು ವಿಚಾರಿಸಿದರು. "ಅಂಥೋರು ಇದ್ದಾಗ ನಮಗ ಗೊತ್ತಾಗಂಗಿಲ್ರಿ" ಎಂದರು. ನೀನು ಇದ್ದೀಯ, ಹುಬ್ಬಳ್ಳಿಯಲ್ಲಿದ್ದೀಯ, ಉಪ್ಪಿನಕಾಯಿಗೆ ಹಟ ಮಾಡುತ್ತಿದ್ದೀಯ ಎಂದು ಹೇಳಿದೆ.

ಇಲ್ಲಿಯ ಸಂಗತಿ ಹೇಳುತ್ತೇನೆ. ಇಂದು ಗ್ರಂಥಾಲಯ ಸಪ್ತಾಹದ ಕೊನೆಯ ದಿನ. ಪ್ರತಿ ವರ್ಷ ನೀನು ಪುಸ್ತಕಗಳಿಗೆ ಅರಿಸಿನ ಕುಂಕುಮ ಹಚ್ಚಲು ಹೋಗಿ, ಕಲೆಯಾಗುತ್ತದೆ ಎಂದು ನಾನು ಬೈದು, ಕೊನೆಗೆ ಕಪಾಟಿನ ಕಟ್ಟಿಗೆಗೆ ಮಾತ್ರ ಹಚ್ಚಿಸುತ್ತಿದ್ದೆ. ಈ ಸಲ ನಾನು ಏನೂ ಹೇಳಿರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಬಾಗಿಲ ಮುಂದೆ ದೊಡ್ಡ ರಂಗೋಲಿ. ಕೆಂಚವ್ವ ಹಾಕಿದ್ದು. ನಡುವೆ ತಾವರೆ, ಸುತ್ತ ನಾಲ್ಕು ಚೌಕ. ಚೌಕ ಏನು ಎಂದು ಕೇಳಿದರೆ, "ಪುಸ್ತಕ ಅಕ್ಕೋರ! ಕಾಣಂಗಿಲ್ಲೇನು? ಒಂದು ಬಾಯಿ ತೆರದೈತಿ ನೋಡ್ರಿ" ಎಂದಳು. ಮೆಟ್ಟಿಲ ಮೇಲೆ ಒಂದು ದಾಸವಾಳ ಇಟ್ಟಿದ್ದಳು. ಎದುರಿನ ಮತ್ತಿ ಮರದಿಂದ ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯ ಭಾರದ ಸದ್ದು ಮಾಡುತ್ತ ಹೊಳೆಯ ಕಡೆಗೆ ಹೋಯಿತು. ಪ್ರವಾಸಿಗರ ಜೀಪೊಂದು ಅದರ ಹಿಂದೆಯೇ ಓಡಿತು. ನಮ್ಮ ರಂಗೋಲಿಯ ಚಿತ್ರ ತೆಗೆಯಲು ಯಾರೂ ನಿಲ್ಲಲಿಲ್ಲ.

ನಮ್ಮ ಕೇಳುವವರ ಮಧ್ಯಾಹ್ನದ ಮಂಡಳಿ ತಪ್ಪದೇ ಕೂಡುತ್ತದೆ. ಒಳಗಿನ ಬಲ್ಬು ಹೋದ ಮೇಲೆ ನಾವು ಹೊರಗೆ ಮೆಟ್ಟಿಲ ಮೇಲೇ ಕೂರುತ್ತೇವೆ, ಬೆಳಕೂ ಚೆನ್ನ, ಗಾಳಿಯೂ ಬರುತ್ತದೆ. ನಿನ್ನ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ದುರ್ಗಪ್ಪಣ್ಣ ಪೇಪರು ತರುತ್ತಾನೆ. ಅವನ ಚಟ ನಿನಗೆ ಗೊತ್ತಲ್ಲ, ಸುದ್ದಿ ಓದುವ ಮೊದಲು ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸವರಿ, "ಇದು ನಮ್ಮ ಮಿಲ್ಲಿಂದಲ್ಲ" ಎಂದು ಮುಖ ಕಿವುಚಬೇಕು. ಮೊನ್ನೆ ಕೆಂಚವ್ವ ರೇಗಿದಳು. "ಓದ್ತೀಯೋ ಸವರ್ತೀಯೋ ದುರ್ಗಪ್ಪಣ್ಣಾ? ಸೀರಿ ಅಂಗಡ್ಯಾಗ ಕುಂತಂಗ ಕುಂತೀಯಲ್ಲ!"

"ನಿನಗೇನ ಗೊತ್ತಾಗತೈತಿ ಕೆಂಚಿ? ಬಿದಿರಿನ ಹಾಳಿ ಬ್ಯಾರೆ, ನೀಲಗಿರಿ ಹಾಳಿ ಬ್ಯಾರೆ."

"ಸುದ್ದಿ ಸುಳ್ಳಿದ್ರ ಹಾಳಿ ಯಾವುದಾದ್ರೇನು?"

ಗೋದುಬಾಯಿ ಎಂದಿನಂತೆ ಮೆಟ್ಟಿಲ ಮೂಲೆಯಲ್ಲಿ ಕೂತು ಕೌದಿ ಹೊಲಿಯುತ್ತಾಳೆ, ತಲೆ ಎತ್ತುವುದಿಲ್ಲ, ಆದರೆ ಒಂದು ಸಾಲು ಬಿಟ್ಟು ಓದಿದರೆ ಸೂಜಿ ನಿಲ್ಲುತ್ತದೆ. "ಕಾಯ್ ಝಾಲ? ಏನಾತು? ಏನೋ ಬಿಟ್ರಿ ನೀವು" ಎನ್ನುತ್ತಾಳೆ. ನಾನು ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ ಮಧು, ಇಂಥ ಕಿವಿ ನನಗೆ ಸಿಗಲಿಲ್ಲ. ಅಲ್ಲಿ ನಾನು ಕವಿತೆ ಓದುವಾಗ ಹುಡುಗಿಯರು ಪರೀಕ್ಷೆಗೆ ಬರುತ್ತದೆಯೇ ಎಂದು ನನ್ನ ಮುಖ ನೋಡುತ್ತಾರೆ. ಇಲ್ಲಿ ಯಾರಿಗೂ ಯಾವ ಪರೀಕ್ಷೆಯೂ ಇಲ್ಲ. ಸುಮ್ಮನೆ, ಮುಂದೆ ಏನಾಯಿತು ಎಂಬುದೊಂದೇ.

ಈ ಹೆಂಗಸರಿಂದ ನೀನು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿಸುತ್ತಿರಲಿಲ್ಲ ಎಂಬುದು ನೆನಪಾಗಿ ಮೊನ್ನೆ ನಗು ಬಂತು. ಎಷ್ಟು ವಾದ ಮಾಡಿದ್ದೆವು! ಇಷ್ಟು ಜನ ದಿನಾ ಬರುತ್ತಾರೆ, ಹೆಬ್ಬೆಟ್ಟಾದರೂ ಒತ್ತಿಸು ಎಂದರೆ ನೀನು ಕೇಳುತ್ತಿರಲಿಲ್ಲ. "ಅದು ಓದುಗರ ಸಹಿ ವಿದ್ಯಾ. ಪುಸ್ತಕ ತಾವ ತೆರದು ಓದಿದೋರ್ದು. ಇಲ್ಲದ್ದನ್ನ ಐತಿ ಅಂತ ಬರದು ಸರ್ಕಾರಕ್ಕ ಸುಳ್ಳು ಹೇಳಾಕ ನನಗ ಆಗಂಗಿಲ್ಲ" ಎನ್ನುತ್ತಿದ್ದೆ. ಕೆಂಚವ್ವನಿಗೂ ಅದೊಂದು ಜಂಬ. ಯಾರಾದರೂ ಕೇಳಿದರೆ "ನಾನು ಓದಾಕಿ ಅಲ್ರಿ, ಕೇಳಾಕಿ" ಎಂದು ಎದೆಯುಬ್ಬಿಸಿ ಹೇಳುತ್ತಾಳೆ, ಅದೊಂದು ಹುದ್ದೆ ಎಂಬಂತೆ.

ಕಪಾಟಿಗೆ ಬೇವಿನ ಎಲೆ ಇಟ್ಟೆಯಾ ಎಂದು ಕೇಳಿದ್ದೀಯ. ಆ ಚಿಂತೆ ಬಿಡು. ಪುಸ್ತಕಗಳಿಗೆ ಹುಳ ಬೀಳದಂತೆ ನೋಡಿಕೊಳ್ಳುವವರು ಇದ್ದಾರೆ.

ಇನ್ನು ಕೆಂಪು ರಟ್ಟಿನ ಪುಸ್ತಕ. "ಅದು ಹೆಂಗ ಮುಗೀತು, ಎಲ್ಲಾರಿಗೂ ಓದಿ ಹೇಳಿದ್ಯಾ? ನನಗೂ ಬರಿ" ಎಂದು ಬರೆಸಿದ್ದೀಯ. ಮುಖಪುಟ ಹರಿದು, ಮೊದಲ ಹಾಳೆಗಳು ಹೋಗಿ, ಬರೆದವರ ಹೆಸರೂ ಕಾದಂಬರಿಯ ಹೆಸರೂ ಯಾರಿಗೂ ತಿಳಿಯದ ಪುಸ್ತಕ ಅದು. ಯಾವ ಕಾಲದಲ್ಲೋ ಯಾರೋ ಕೆಂಪು ರಟ್ಟು ಹಾಕಿ ಹೊಲಿಸಿದ್ದರು. ನೀನು ಅದನ್ನು ಮಂಡಳಿಗೆ ಓದಲು ಶುರು ಮಾಡಿದಾಗ ಮಳೆಗಾಲ. ಕತೆಯಲ್ಲಿ ಹೊಳೆಯ ದಂಡೆಯ ನಾಗವ್ವ, ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದು ದೋಣಿ ನಡೆಸುವವಳು. ಸರ್ಕಾರ ಅಲ್ಲೊಂದು ಸೇತುವೆ ಕಟ್ಟಿಸುತ್ತದೆ. ಕಟ್ಟುವ ಕೂಲಿಯವರನ್ನು ದಿನಾ ಆಚೆ ದಡಕ್ಕೆ ದಾಟಿಸುವವಳೂ ಅವಳೇ. ಗೋದುಬಾಯಿ ಒಂದು ದಿನ, "ನಮ್ಮ ಊರ ಮ್ಯಾಲ ಸೂಪಾ ಡ್ಯಾಮಿನ ನೀರು ನಿಂತೈತಿ, ಅಲ್ಲಿ ಈಗ ದೋಣಿಗೂ ದಡ ಇಲ್ಲ" ಎಂದು ಸೂಜಿ ಬದಿಗಿಟ್ಟು ಎದ್ದು ಹೋಗಿದ್ದಳು, ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ನೀನು ಹುಬ್ಬಳ್ಳಿಗೆ ಹೋಗುವ ಹೊತ್ತಿಗೆ ಸೇತುವೆ ಮುಗಿದು, ಉದ್ಘಾಟನೆಗೆ ಒಂದು ರಾತ್ರಿ ಬಾಕಿ ಇತ್ತು. ಅಲ್ಲಿಗೆ ನಿಲ್ಲಿಸಿದ್ದೆ. ಅಂದಿನಿಂದ ಕೆಂಚವ್ವ ನನ್ನನ್ನು ಎಲ್ಲಿ ಕಂಡರೂ, ಸಂತೆಯಲ್ಲಿ ಕಂಡರೂ, ಒಂದೇ ಮಾತು: "ಆಕಿ ಮುಂಜಾನೆದ್ದು ಏನ ಮಾಡಿದ್ಲು?"

ಹೇಳಿದೆ. ಹೋದ ಸೋಮವಾರ. ಮುಗಿತಾಯ ಹೀಗಿದೆ ಮಧು: ಬೆಳಗಾಗುತ್ತದೆ, ಡೊಳ್ಳು ಬಾರಿಸುತ್ತಾರೆ, ರಿಬ್ಬನ್ನು ಕತ್ತರಿಸುತ್ತಾರೆ. ಊರಿಗೆ ಊರೇ ಸೇತುವೆಯ ಮೇಲೆ ಆಚೆಗೆ ನಡೆಯುತ್ತದೆ, ಸುಮ್ಮನೆ ಈಚೆಗೆ ಬರುತ್ತದೆ, ಮತ್ತೆ ಆಚೆಗೆ ಹೋಗುತ್ತದೆ. ನಾಗವ್ವ ಕೆಳಗೆ ದಂಡೆಯಲ್ಲಿ ದೋಣಿಯ ಹಗ್ಗ ಹಿಡಿದು ನಿಂತಿದ್ದಾಳೆ. ಮೇಲಿಂದ ಯಾರೋ ಅವಳ ಹೆಸರು ಕೂಗಿ ಕೈಬೀಸುತ್ತಾರೆ. ಬಿಸಿಲು ಏರಿ, ಎಲ್ಲರೂ ಊಟಕ್ಕೆ ಹೋದ ಮೇಲೆ, ಒಬ್ಬ ಮುದುಕಿ ಆಡೊಂದನ್ನು ಎಳೆದುಕೊಂಡು ಇಳಿಜಾರಿನಲ್ಲಿ ಕೆಳಗೆ ಬರುತ್ತಾಳೆ. "ಅಷ್ಟೆತ್ತರದಾಗ ನನಗ ತಲಿ ತಿರಗತೈತಿ. ದೋಣಿ ಬಿಡ್ತೀಯೋ ಇಲ್ಲೋ?" ಎಂದು ಕೇಳುತ್ತಾಳೆ. ನಾಗವ್ವ ಹಗ್ಗ ಬಿಚ್ಚಿ ಹುಟ್ಟನ್ನು ನೀರಿಗೆ ಹಾಕುತ್ತಾಳೆ. ಅಷ್ಟೇ.

ಕೆಂಚವ್ವ, "ಒಬ್ಬಾಕಿ ಸಲುವಾಗಿ ದೋಣಿ ಯಾರ ಬಿಡ್ತಾರ್ರೀ?" ಎಂದಳು.

ಗೋದುಬಾಯಿ ಕೌದಿಯಿಂದ ತಲೆ ಎತ್ತಿದಳು. "ಬಿಡ್ತಾರ. ನಮ್ಮ ಕಡೆ ಬಿಡ್ತಿದ್ರು" ಎಂದಳು.

ಅಂದು ಯಾರೂ ಬೇಗ ಏಳಲಿಲ್ಲ. ಮಿಲ್ಲಿನ ಭೋಂಗಾ ಕೂಗಿದ ಮೇಲೆ ದುರ್ಗಪ್ಪಣ್ಣ ಪೇಪರು ಮಡಚಿ, "ನಡ್ರಿ, ಹೊತ್ತಾತು" ಎಂದ.

ನಿನ್ನನ್ನು ನೋಡಲು ಬರಬೇಕೆಂದಿದ್ದೇನೆ. ಕಾಲೇಜಿನ ಪರೀಕ್ಷೆ ಮುಗಿಯಲಿ. ಕೆಂಚವ್ವ ನಿನಗೆಂದು ಒಣ ಮೆಣಸಿನಕಾಯಿ ಕಟ್ಟಿಟ್ಟಿದ್ದಾಳೆ, ಪಥ್ಯ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ ಆ ಗಂಟೆಗಳಲ್ಲಿ ಬೇಜಾರಾದರೆ ಐಶ್ವರ್ಯಾಳಿಂದ ಏನಾದರೂ ಓದಿಸಿಕೋ. ಅವಳು ಬೇಗ ಬೇಗ ಓದುತ್ತಾಳೆ, ಸಿಟ್ಟು ಮಾಡಬೇಡ. ಮಕ್ಕಳು ಅರ್ಥಕ್ಕಾಗಿ ಓದುತ್ತಾರೆ, ದನಿಗಾಗಿ ಓದುವುದನ್ನು ನಿಧಾನ ಕಲಿಯುತ್ತಾರೆ.

ನಿನ್ನ ಮೇಜಿನ ಕೀಲಿಕೈ ನನ್ನ ಬಳಿಯೇ ಇದೆ, ದಿನಾ ಚೀಲದಲ್ಲಿ ಸದ್ದು ಮಾಡುತ್ತಿರುತ್ತದೆ.

ಮೆಟ್ಟಿಲ ಮೇಲಿನ ಎಲ್ಲರ ಪರವಾಗಿ,
ನಿನ್ನ
ವಿದ್ಯಾವತಿ

ಮರೆತ ಮಾತು: ಐಶ್ವರ್ಯಾ, ಈ ಹಾಳೆ ನಿನಗೆ. ಅವ್ವನಿಗೆ ಕೇಳುವಂತೆ ಓದಬೇಡ. ಪತ್ರ ಮುಗಿಯಿತು ಎಂದು ಹೇಳಿ, ನೀರು ತರುವ ನೆವದಲ್ಲಿ ಹೊರಗೆ ಹೋಗಿ ಇದನ್ನು ಓದು.

ವಾಚನಾಲಯ ಮುಚ್ಚಿ ತಿಂಗಳಾಗುತ್ತ ಬಂತು. ಸಭೆಯಲ್ಲಿ ನಡೆದದ್ದನ್ನು ನಿಜವಾಗಿಯೇ ಬರೆದಿದ್ದೇನೆ, 'ಮುಂದಿನ ಸಭೆಗೆ ಇಡೋಣ' ಎಂಬ ಮಾತೊಂದು ಬಿಟ್ಟು. ಅದನ್ನು ಯಾರೂ ಆಡಲಿಲ್ಲ. ಚಹಾ ಕುಡಿಯುವಾಗ ಆ ಅಧಿಕಾರಿ ನನ್ನ ಕೈ ಹಿಡಿದು, ಪುಸ್ತಕಗಳನ್ನು ಊರಿನ ದೊಡ್ಡ ಗ್ರಂಥಾಲಯಕ್ಕೆ ಸೇರಿಸುವ ತೀರ್ಮಾನ ಆಗಿದೆ ಎಂದು ಮೆಲ್ಲಗೆ ಹೇಳಿದರು. ಟೆಂಪೊ ಬಂದ ದಿನ ದುರ್ಗಪ್ಪಣ್ಣನೇ ಹಗ್ಗ ಬಿಗಿದುಕೊಟ್ಟ, ಬೇರೆಯವರು ಕಟ್ಟಿದರೆ ರಟ್ಟು ಮುರಿಯುತ್ತದೆ ಎಂದು. ಕೆಂಚವ್ವ ಟೆಂಪೊಗೆ ಅಡ್ಡ ನಿಂತು, "ಕೆಂಪು ರಟ್ಟಿಂದೊಂದು ಕೊಟ್ಟ ಹೋಗ್ರೆಪಾ, ಒಂದೀಟ ಉಳದೈತಿ" ಎಂದು ಕೇಳಿದಳು. ಬಂದ ಗುಮಾಸ್ತ ಕೆಟ್ಟವನಲ್ಲ. ಎಲ್ಲ ಎಣಿಸಿ ಬರೆದಾಗಿದೆ, ಒಂದು ಕಡಿಮೆಯಾದರೆ ತನ್ನ ತಲೆಗೆ ಬರುತ್ತದೆ ಎಂದ. ಆಮೇಲೆ ನಾನು ಆ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಚೀಲಗಳು ಮಾಡಿನ ತನಕ ಪೇರಿಸಿವೆ, ಇನ್ನೂ ಬಿಚ್ಚಿಲ್ಲ. ಹೆಸರಿಲ್ಲದ ಪುಸ್ತಕವನ್ನು ಅಂಗಡಿಯಲ್ಲಿ ಏನೆಂದು ಕೇಳಲಿ?

ಬಲ್ಬಿನ ಮಾತು ಬರೀ ನೆವ. ಉಳಿದದ್ದೆಲ್ಲ ನಿಜ, ರಂಗೋಲಿ, ಜಗಳ, ಕೌದಿ. ಎಲ್ಲವೂ ಬೀಗ ಹಾಕಿದ ಬಾಗಿಲ ಹೊರಗೆ ಮೆಟ್ಟಿಲ ಮೇಲೆ. ಅವ್ವನ ಕುರ್ಚಿಯಲ್ಲಿ ಯಾರೂ ಕೂತಿಲ್ಲ, ಏಕೆಂದರೆ ಅದು ಒಳಗೆ ಉಳಿದಿದೆ. ಅವಳ ಮೇಜೂ ಒಳಗಿದೆ, ಕೀಲಿಕೈ ಮಾತ್ರ ನನ್ನ ಚೀಲದಲ್ಲಿ.

ಒಂದು ಮಾತನ್ನು ನೀನು ಅವಳಿಗೆ ಎಂದೂ ಹೇಳಬಾರದು. ಅಧಿಕಾರಿ ನನಗೆ ವರದಿ ತೋರಿಸಿದರು. ಯಾರ ಪಟ್ಟಿಯಲ್ಲೂ ಇಲ್ಲದ ವಾಚನಾಲಯವನ್ನು ಮತ್ತೆ ಯಾವುದಾದರೂ ಪಟ್ಟಿಗೆ ಸೇರಿಸಬೇಕಾದರೆ ಓದುಗರು ಇದ್ದಾರೆ ಎಂದು ತೋರಿಸಬೇಕು. ನಮ್ಮ ಹಾಜರಿ ಪುಸ್ತಕದಲ್ಲಿ ದಿನಕ್ಕೆ ಮೂರೋ ನಾಲ್ಕೋ ಸಹಿ. ಕೇಳಲು ಬರುತ್ತಿದ್ದ ಅಷ್ಟೂ ಹೆಂಗಸರು ಎಲ್ಲಿಯೂ ಇಲ್ಲ. ನಿನ್ನ ಅವ್ವ ಸುಳ್ಳು ಬರೆಯಲಿಲ್ಲ. ನಾನು ಮೇಲೆ ಅದನ್ನು ನಗೆಯ ಮಾತಾಗಿ ಬರೆದೆ, ನಾನು ಬರೆಯದೇ ಬಿಟ್ಟರೆ ಅವಳು ತಾನೇ ಆ ಕಡೆಗೆ ಯೋಚಿಸಿಬಿಡುತ್ತಾಳೆ ಎಂಬ ಅಂಜಿಕೆಯಿಂದ.

ಕಾದಂಬರಿಯ ಆ ಮುಗಿತಾಯ ನನ್ನದು. ನಾನೇ ಕಟ್ಟಿದ್ದು. ಖಾಲಿ ಕೈಯಲ್ಲಿ ಮೆಟ್ಟಿಲ ಮೇಲೆ ಕೂತು ಹೇಳಿದೆ. ನನ್ನ ಕೈಯಲ್ಲಿ ಪುಸ್ತಕ ಇಲ್ಲದ್ದನ್ನು ಕೆಂಚವ್ವ ನೋಡಿದಳು. ನಾನು ನಡುವೆ ತಡವರಿಸಿ ನಿಂತಾಗ, "ಮುಂದ ಓದ್ರಿ ಅಕ್ಕೋರ" ಎಂದಳು.

ಪತ್ರ ಮಡಚಿ ಲಕೋಟೆಗೆ ಹಾಕುವಾಗ ನನಗೊಂದು ಹೊಳೆಯಿತು, ಅದಕ್ಕೇ ಈ ಹಾಳೆ. ನಿನ್ನ ಅವ್ವ ತಾನು ಕೊನೆಯ ತನಕ ಓದದ ಯಾವ ಪುಸ್ತಕವನ್ನೂ ಮಂಡಳಿಗೆ ಓದುತ್ತಿರಲಿಲ್ಲ. ಎಲ್ಲಿ ಏನು ಬರುತ್ತದೋ, ಯಾರ ಮನಸ್ಸು ಎಲ್ಲಿ ನೋಯುತ್ತದೋ ನೋಡಿಕೊಂಡಿರಬೇಕು ಎನ್ನುತ್ತಿದ್ದಳು. ಕೆಂಪು ರಟ್ಟಿನ ಪುಸ್ತಕ ಹೇಗೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ನನ್ನನ್ನು ಕೇಳಿದ್ದಾಳೆ. ಪುಸ್ತಕ ಇನ್ನೂ ಕಪಾಟಿನಲ್ಲಿ ಇದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದರೆ ನಾನು ಇದೆ ಎನ್ನುತ್ತೇನೆ ಎಂಬುದೂ ಅವಳಿಗೆ ಗೊತ್ತು.

ಪತ್ರದಲ್ಲಿ ಮುಗಿತಾಯದ ಆ ಭಾಗವನ್ನು ಹರಿದು ಬೇರೆ ಬರೆಯೋಣ ಎಂದು ಪೆನ್ನು ಎತ್ತಿಕೊಂಡೆ. ಆಗಲಿಲ್ಲ. ಅವಳು ಕೇಳಿದ್ದಕ್ಕೆ ನನ್ನಲ್ಲಿ ಇದ್ದ ಉತ್ತರ ಅದೊಂದೇ.

ನೀನು ಇದನ್ನು ಓದುವ ಹೊತ್ತಿಗೆ ಅವಳು ಅದನ್ನು ಕೇಳಿಸಿಕೊಂಡಾಗಿರುತ್ತದೆ. ಒಳಗೆ ಹೋಗು. ಇನ್ನೊಂದು ಸಲ ಓದು ಎಂದರೆ ಓದು, ನಿಧಾನವಾಗಿ ಓದು. "ಹೌದು, ಅದು ಹಂಗ ಮುಗೀತೈತಿ" ಎಂದು ಅವಳು ಅಂದರೆ, ನೀನೂ ಹೌದು ಅನ್ನು.